ಹಡಗಿನಲ್ಲಿ ಕಲಿತ ಕನ್ನಡ

ಸ್ಟ್ರೆಚರು ಲಿಫ್ಟಿನೊಳಗೆ ಹಿಡಿಸಲಿಲ್ಲ. ಇಂದುಮತಿಯ ದೇಹವನ್ನು ಮೆಟ್ಟಿಲ ಮೇಲಿಂದಲೇ ಇಳಿಸತೊಡಗಿದರು. ಹೊತ್ತವರಲ್ಲಿ ಒಬ್ಬ ಎಪ್ಪತ್ತು ದಾಟಿದ ಮುದುಕ. ಅವನ ಮೊಣಕಾಲು ನಡುಗುವುದನ್ನು ಕಂಡ ಶಾಲಿನಿ, "ಹೃಷಿ, ಅವರ ಕೈಯಿಂದ ತಗೊಳ್ಳಿ," ಎಂದು ಗಂಡನಿಗೆ ಹೇಳಿದಳು. ಮುದುಕ ಬಿಡಲಿಲ್ಲ.

"ನಾನೇ ಹಿಡೀತೀನಿ ಮೋಳೇ," ಎಂದ ಮಲಯಾಳದಲ್ಲಿ, ಮಗಳನ್ನು ಕರೆಯುವ ಹಾಗೆ, ಏದುಸಿರು ಬಿಡುತ್ತ.

ತಾಯಿ ತೀರಿಕೊಂಡ ಸುದ್ದಿ ಕೇಳಿ ಶಾಲಿನಿ ತಿರುವನಂತಪುರದಿಂದ ಬೆಳಗಿನ ರೈಲಿಗೆ ಬಂದಿದ್ದಳು. ಕೊಚ್ಚಿಯಲ್ಲಿ ಅಮ್ಮನಿಗೆ ಯಾರಿದ್ದಾರೆ, ಹೆಗಲು ಕೊಡಲು ನಾಲ್ಕು ಜನ ಸಿಕ್ಕಾರೇ ಎಂಬುದೇ ದಾರಿಯುದ್ದಕ್ಕೂ ಅವಳ ಚಿಂತೆ. ಬಂದು ನೋಡಿದರೆ ಬಾಗಿಲ ತುಂಬ ಚಪ್ಪಲಿಗಳು. ಮೀನು ಮಾರುವ ಹೆಂಗಸರು, ಆಟೋದವರು, ಶಾಲೆಯ ಮಕ್ಕಳು. ಎದುರು ಫ್ಲ್ಯಾಟಿನ ರಾಜಲಕ್ಷ್ಮಿಯೊಬ್ಬಳನ್ನು ಬಿಟ್ಟರೆ ಯಾರ ಗುರುತೂ ಅವಳಿಗಿರಲಿಲ್ಲ.

"ಇವರೆಲ್ಲ ಮ್ಯೂಸಿಯಮ್ಮಿನ ಕಡೆಯವರು," ಎಂದಳು ರಾಜಲಕ್ಷ್ಮಿ.

ಶಾಲಿನಿಯ ಮುಖ ಬಿಗಿಯಿತು. ಮಟ್ಟಾಂಚೇರಿಯ ಹಳೆಯ ಗೋದಾಮೊಂದರಲ್ಲಿ ನಿವೃತ್ತ ನಾವಿಕರು ಸೇರಿ ಮಾಡಿದ ಯುದ್ಧ ಮ್ಯೂಸಿಯಂ ಅದು. ಎಪ್ಪತ್ತೊಂದರ ಯುದ್ಧದಲ್ಲಿ ಮುಳುಗಿದ ಹಡಗಿನಲ್ಲಿ ಅವಳ ಅಪ್ಪ ನಟರಾಜನೂ ಇದ್ದ. ದೇಹ ಸಿಗಲಿಲ್ಲ. ಇಂದುಮತಿ ಹಸುಗೂಸನ್ನು ಎತ್ತಿಕೊಂಡು ಗದಗಿನಿಂದ ಬಂದು ಇಲ್ಲಿನ ನೌಕಾ ಕಚೇರಿಯಲ್ಲಿ ಕೆಲಸಕ್ಕೆ ಸೇರಿದಳು. ನಿವೃತ್ತಿಯಾದ ಮೇಲೂ ಊರು ಬಿಡಲಿಲ್ಲ. ತಿರುವನಂತಪುರಕ್ಕೆ ಬಂದುಬಿಡು ಎಂದು ಮಗಳು ಕರೆದಾಗಲೆಲ್ಲ, "ನಂಗ ಇಲ್ಲೆ ಕೆಲಸ ಐತಿ," ಎನ್ನುತ್ತಿದ್ದಳು. ಗಾಜಿನ ಕಪಾಟಿನ ಟೋಪಿ, ಪದಕಗಳ ನಡುವೆ ಅಮ್ಮನಿಗೆ ಎಂಥ ಕೆಲಸ? ಸತ್ತವನನ್ನೇ ಹಿಡಿದು ಕೂತಿದ್ದಾಳೆಂದು ಶಾಲಿನಿಗೆ ಒಳಗೊಳಗೇ ಸಿಟ್ಟು. ಒಮ್ಮೆಯೂ ಅವಳು ಆ ಕಡೆ ತಲೆ ಹಾಕಿರಲಿಲ್ಲ.

ಕೆಳಗೆ ಆಂಬುಲೆನ್ಸಿನ ಬಳಿ ಮುದುಕ ಕೈಕಟ್ಟಿ ನಿಂತ. "ದಾರೀಲಿ ಮ್ಯೂಸಿಯಂ ಮುಂದೆ ಒಂದು ಗಳಿಗೆ ನಿಲ್ಲಿಸಬಹುದಾ ಮೋಳೇ?"

"ಬೇಡ. ಅಮ್ಮ ಅಲ್ಲಿ ಕೂತಿದ್ದು ಸಾಕು. ಇವತ್ತಾದರೂ ಬಿಟ್ಟುಬಿಡಿ."

ಮುದುಕ ತಲೆ ತಗ್ಗಿಸಿ ಹಿಂದೆ ಸರಿದ. ರಾಜಲಕ್ಷ್ಮಿ ಶಾಲಿನಿಯ ತೋಳು ಹಿಡಿದು ಪಕ್ಕಕ್ಕೆ ಕರೆದಳು. "ಅವರು ಪೌಲೋಸ್. ನಿನ್ನಪ್ಪನ ಜೊತೆ ಅದೇ ಹಡಗಿನಲ್ಲಿದ್ದವರು. ನಿನ್ನಮ್ಮ ನಿನಗೆ ಹೇಳಿಲ್ಲವಾ?"

ಹೇಳಲು ಬಂದಾಗಲೆಲ್ಲ ತಾನೇ ಮಾತು ಬದಲಿಸುತ್ತಿದ್ದುದು ಶಾಲಿನಿಗೆ ನೆನಪಾಯಿತು.

* * *

ಯುದ್ಧದ ನೆನಪಿನ ದಿನ ಆ ಮ್ಯೂಸಿಯಮ್ಮಿನಲ್ಲಿ ಭಾಷಣ ಕಡಿಮೆ, ಊಟವೇ ದೊಡ್ಡದು. ಮಡಿದವನಿಗೆ ಇಷ್ಟವಾದ ಅಡುಗೆಯನ್ನು ಅವನ ಮನೆಯವರು ಮಾಡಿ ತರುತ್ತಾರೆ. ಇಡೀ ಕೇರಿ ಸಾಲಾಗಿ ಕೂತು ಉಣ್ಣುತ್ತದೆ. ಮ್ಯೂಸಿಯಂ ತೆರೆದ ಮೊದಲ ವರ್ಷ ಇಂದುಮತಿ ಜೋಳದ ರೊಟ್ಟಿ, ಎಣ್ಣೆಗಾಯಿ ಹೊತ್ತು ಹೋದಳು. ಬಡಿಸುವಾಗ ಬಾಗಿಲಾಚೆ ಒಬ್ಬ ನಿಂತಿರುವುದು ಕಾಣಿಸಿತು. ಬದುಕಿ ಬಂದ ಕೆಲವರಲ್ಲಿ ಅವನೊಬ್ಬ. ಮಡಿದವರ ಹೆಂಡಂದಿರಿಗೆ ಮುಖ ತೋರಿಸಲಾರದೆ ಅಷ್ಟು ವರ್ಷ ತಪ್ಪಿಸಿಕೊಂಡೇ ತಿರುಗಿದ್ದ.

ಇಂದುಮತಿ ತಟ್ಟೆ ಹಿಡಿದು ಅವನ ಬಳಿಗೇ ಹೋದಳು. ರೊಟ್ಟಿ ಕಂಡದ್ದೇ ಅವನ ಬಾಯಿಂದ ತಾನಾಗಿ ಕನ್ನಡ ಬಂತು: "ಬೆಣ್ಣಿ ಇಲ್ಲದ ರೊಟ್ಟಿ ಹೆಂಗ ತಿನ್ನೂದು ಯವ್ವಾ?"

ಗದಗಿನ ಮಾತು; ಅದೂ ಗಂಡನದೇ ರಾಗ, ಕೊನೆಯನ್ನು ಎಳೆದು ನಗುವಿನಲ್ಲಿ ಬಿಡುವ ರೀತಿ. ಹಡಗಿನಲ್ಲಿ ಪಕ್ಕದಲ್ಲೇ ಮಲಗುತ್ತಿದ್ದ ಹದಿಹರೆಯದ ಪೌಲೋಸನಿಗೆ ನಟರಾಜ ಹೊತ್ತು ಹೋಗದಾಗ ಕನ್ನಡ ಕಲಿಸಿದ್ದ. ಪೌಲೋಸ್ ಬೇರೆ ಯಾರ ಕನ್ನಡವನ್ನೂ ಕೇಳಿದವನಲ್ಲ.

"ನಾ ಯಾಕ ಉಳಿದೆ ಯವ್ವಾ," ಎಂದು ಅವನು ಬಿಕ್ಕಿದ.

"ಹಂಗ ಅನಬ್ಯಾಡೋ ತಮ್ಮಾ. ನೀ ಉಳಿದದ್ದು ಚಲೋ ಆತು. ನೀನೂ ಬರದಿದ್ರ ಅವರ ಮಾತು ನಂಗ ಯಾರು ತಂದು ಕೊಡತಿದ್ರು?" ಇಂದುಮತಿ ಅವನ ಕೈ ಹಿಡಿದು ಒಳಗೆ ಕರೆದೊಯ್ದು ಮೊದಲ ಸಾಲಿನಲ್ಲಿ ಕೂರಿಸಿ ಬಡಿಸಿದಳು.

* * *

"ಆಮೇಲೆ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ಹುಡುಕಿ ಅಲ್ಲಿಗೆ ಕರೆತಂದವಳೂ ಅವಳೇ," ಎಂದಳು ರಾಜಲಕ್ಷ್ಮಿ. "ನಮ್ಮಣ್ಣನೂ ಅದೇ ಹಡಗಿನಲ್ಲಿ ಹೋದ. ಅವನು ಕೊಳಲು ಊದುತ್ತಿದ್ದ ಅನ್ನೋದು ನನಗೆ ಪೌಲೋಸ್ ಹೇಳಿಯೇ ಗೊತ್ತಾಗಿದ್ದು."

ಶಾಲಿನಿಗೆ ಅಪ್ಪನೆಂದರೆ ಗೋಡೆಯ ಮೇಲಿನ ತುಟಿ ಬಿಗಿದ ಪಟ, ಅಷ್ಟೆ. ಆ ತುಟಿ ತೆರೆದರೆ ಹೇಗೆ ಕೇಳಿಸಬಹುದೆಂದು ಅವಳು ಎಂದೂ ಯೋಚಿಸಿರಲಿಲ್ಲ. ಪೌಲೋಸನ ಬಳಿ ಹೋಗಿ ತಡವರಿಸುತ್ತ ಕನ್ನಡದಲ್ಲಿ ಕೇಳಿದಳು: "ಅಪ್ಪ ನನ್ನ ವಿಷಯ ಏನಾದರೂ ಹೇಳಿದ್ರಾ?"

ಮುದುಕನ ಬೆನ್ನು ನೆಟ್ಟಗಾಯಿತು. "ಹೇಳಲಾರದ ಇರತಾನೇನು? ನೀ ಹುಟ್ಟಿದ ಸುದ್ದಿ ಬಂದ ದಿನ ಹಡಗಿನ ತುಂಬ ಓಡ್ಯಾಡಿದ. ಲೇ ಪೌಲ್ಯಾ, ನನ್ನ ಮಗಳು ಇಷ್ಟಽ ಅದಾಳಂತೋ, ಅಂದ." ಎರಡು ಅಂಗೈಗಳ ನಡುವೆ ಒಂದು ಕೂಸಿನಷ್ಟು ಜಾಗ ಬಿಟ್ಟು ತೋರಿಸಿದ. ಧ್ವನಿ ಮುದುಕನದು, ಮಾತು ಇಪ್ಪತ್ತರ ಗಂಡಸಿನದು.

ಶಾಲಿನಿ ಆ ಕೈಗಳ ನಡುವಿನ ಜಾಗವನ್ನು ನೋಡಿದಳು. ಆಮೇಲೆ ಡ್ರೈವರನಿಗೆ, "ಮೊದಲು ಮ್ಯೂಸಿಯಂ ಹತ್ತಿರ ಹೋಗಲಿ," ಎಂದಳು.

ಗೋದಾಮಿನ ಮುಂದೆ ಗಾಡಿ ನಿಂತಾಗ ಯಾರೂ ತುತ್ತೂರಿ ಊದಲಿಲ್ಲ. ಒಬ್ಬೊಬ್ಬರೇ ಬಂದು ಇಂದುಮತಿಯ ಪಾದ ಮುಟ್ಟಿ, ತಮ್ಮ ತಮ್ಮ ಭಾಷೆಯಲ್ಲಿ ಏನೋ ಪಿಸುಗುಟ್ಟಿ ಹೋದರು. ಶಾಲಿನಿ ಎಲ್ಲರಿಗೂ ಕೈಮುಗಿಯುತ್ತ ನಿಂತಳು. ಹೊರಡುವಾಗ ಪೌಲೋಸನನ್ನು ಆಂಬುಲೆನ್ಸಿಗೆ ಹತ್ತಿಸಿ ತಾಯಿಯ ತಲೆಯ ಬಳಿ ಕೂರಿಸಿದಳು, ತಾನು ಎದುರು ಕೂತಳು.

"ಸ್ಮಶಾನ ಬರೋ ತನಕ ಮಾತಾಡ್ರಿ. ಅಮ್ಮನೂ ಕೇಳಲಿ."

ಗದಗಿನ ಬಯಲಿನ ಹುಡುಗ ಮೊದಲ ಸಲ ಕಡಲಿಗಿಳಿದ ಕತೆಯನ್ನು ಪೌಲೋಸ್ ತೆಗೆದ. ವಾಂತಿ ಮಾಡಿ ಮಾಡಿ ಸುಸ್ತಾದ ನಟರಾಜ ಕಂಬಿಯನ್ನು ಅಪ್ಪಿಕೊಂಡು, "ಲೇ, ಇದು ಸಮುದ್ರ ಅಲ್ಲೋ, ಬೆದರಿದ ಎತ್ತಿನ ಬಂಡಿ. ಯಾರರ ನೊಗ ಬಿಚ್ಚರಲೇ," ಎಂದಿದ್ದನಂತೆ.

ರಸ್ತೆ ಬದಿಯಲ್ಲಿ ಬಸ್ಸಿಗೆ ಕಾಯುತ್ತಿದ್ದವರು ಶವದ ಗಾಡಿ ಕಂಡು ಎದ್ದು ನಿಂತರು. ಸ್ಕೂಟರಿನವನೊಬ್ಬ ಹೆಲ್ಮೆಟ್ ತೆಗೆದ. ಕಿಟಕಿಯ ಗಾಜಿನಾಚೆ ಒಬ್ಬ ಮುದುಕ ಎರಡೂ ಕೈಗಳಿಂದ ಗಾಳಿಯಲ್ಲಿ ಅಲೆ ಎಬ್ಬಿಸುತ್ತಿದ್ದ. ಅವನೆದುರು ನರೆಗೂದಲ ಹೆಂಗಸೊಬ್ಬಳು ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳದೆ, ಸತ್ತವಳ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ತಲೆ ಹಿಂದಕ್ಕೆ ವಾಲಿಸಿ ನಗುತ್ತಿದ್ದಳು.