ಛತ್ರಿಗೆ ಬಲಿಯಾದ ಐವರು

ಸೂರಪ್ಪ ಮಾವನಿಗೆ ಬಂದೂಕು ಬೇಕೆನ್ನಿಸಿದ್ದು ಒಂದು ಮಂಗಳವಾರ, ಮುದ್ದೆ ಉಂಡು ಕೈ ತೊಳೆಯುವಾಗ. ಅಷ್ಟರಲ್ಲಿ ಮೊಳಕಾಲ್ಮೂರಿನ ಅವರ ಬೀದಿಯ ಎರಡು ಮನೆಗಳಿಂದ ಜರಿ ಕಳುವಾಗಿತ್ತು. ಅದೂ ಹಾಡಹಗಲಲ್ಲಿ. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ಲಟಲಟ ಎನ್ನುವ ಹೊತ್ತಿನಲ್ಲಿ ಯಾರೋ ಹಿತ್ತಿಲ ಬಾಗಿಲಿಂದ ಬಂದು, ಜರಿ ಡಬ್ಬಿ ಎತ್ತಿಕೊಂಡು, ಬಂದ ದಾರಿಯಲ್ಲೇ ಹೋಗಿದ್ದರು.

ಮಾವನ ಮಗ್ಗದ ಮೇಲೆ ಆಗ ಇದ್ದದ್ದು ಮಗಳು ರಶ್ಮಿತಾಳ ಧಾರೆ ಸೀರೆ. ಮದುವೆಗೆ ಮೂರು ವಾರ. ಸೀರೆ ಅರ್ಧ ಆಗಿತ್ತು, ಸೆರಗು ಬಾಕಿ ಇತ್ತು. ಅದಕ್ಕೆಂದೇ ಆರಿಸಿ ತಂದ ಜರಿ ಹಿತ್ತಿಲ ಬಾಗಿಲ ಪಕ್ಕದ ಗೂಡಿನಲ್ಲಿತ್ತು. ಅದು ಹೋದರೆ ಬೇರೆ ಜರಿ ಸಿಗದೇನಲ್ಲ, ಆದರೆ ಅದೇ ಹೊಳಪು ಸಿಗುವುದಿಲ್ಲ. ಮೈ ಒಂದು ಬಣ್ಣ, ಸೆರಗು ಒಂದು ಬಣ್ಣವಾದ ಸೀರೆಯನ್ನು ನೇಕಾರನ ಮಗಳು ಉಟ್ಟು ಮಂಟಪಕ್ಕೆ ಬಂದರೆ, ಬೀದಿಯವರು ಅಕ್ಷತೆ ಹಾಕುವುದನ್ನು ಮರೆತು ಸೆರಗನ್ನೇ ನೋಡುತ್ತಾರೆ.

ಪರವಾನಗಿಯ ಅರ್ಜಿ ತುಂಬಲು ಮಾವ ನನ್ನನ್ನು ಚಳ್ಳಕೆರೆಯಿಂದ ಕರೆಸಿದರು. ನಾನು ಅವರ ಅಕ್ಕನ ಮಗ ಕಿರಣ್‌ಕುಮಾರ್. ಬಿ.ಎ. ಮುಗಿಸಿದ್ದೇನೆ. ಪರೀಕ್ಷೆಗೆ ಓದುತ್ತಿದ್ದೇನೆಂದು ಮನೆಯಲ್ಲಿ ಹೇಳಿದ್ದೇನೆ. ನಿಜವಾಗಿ ನಾನು ಅಭ್ಯಾಸ ಮಾಡುವುದು ಊರವರ ದನಿಗಳನ್ನು.

ಮೊಬೈಲಿನಲ್ಲಿ ಬಂದೂಕಿನ ಚಿತ್ರಗಳನ್ನು ತೋರಿಸಿದೆ. ಮಾವ ಹೆಣ್ಣು ನೋಡುವವರ ಗಾಂಭೀರ್ಯದಿಂದ ಒಂದೊಂದನ್ನೇ ನೋಡಿದರು.

"ಪಿಸ್ತೂಲು ಬ್ಯಾಡ ಕಣ್ಲೇ. ಕಳ್ಳನಿಗೆ ಕಾಣಾದೇ ಇಲ್ಲ. ಉದ್ದಂದು ನೋಡು."

"ಒಂಟಿ ನಳಿಗೆಯೋ, ಜೋಡಿ ನಳಿಗೆಯೋ ಮಾವ?"

ಒಲೆ ಮುಂದಿದ್ದ ಸೂರಮ್ಮತ್ತೆ ತಿರುಗಲೂ ಇಲ್ಲ. "ನಳಿಗೆ ಆಮೇಲೆ ನೋಡ್ರಿ. ನಾಳೆಗೆ ಸೊಪ್ಪು ತರೋರು ಯಾರು?"

ಮಾವ ಕೇಳಿಸದವರಂತೆ ಜೋಡಿ ನಳಿಗೆಯನ್ನು ಹಿಗ್ಗಿಸಿ ನೋಡಿದರು.

"ಹಿತ್ಲು ಬಾಗ್ಲಿಗೆ ಒಂದು ಚಿಲ್ಕ ಹಾಕಿದ್ರೆ ಸಾಲ್ದಾ?" ಅತ್ತೆ ಮತ್ತೆ ಕೇಳಿದರು.

"ಚಿಲ್ಕ ಹಾಕಿದ್ರೆ ಬೀದಿಯೋರು ಏನಂತಾರೆ? ನಮ್ಮನ್ನೇ ಕಳ್ಳ್ರು ಅಂದ್ಕಂಡವ್ನೆ ಅನ್ನಲ್ವಾ?"

"ಬಂದೂಕು ಇಟ್ರೆ ಏನೂ ಅನ್ನಲ್ಲ, ಅಲ್ವಾ?"

ಮಾವ ಹೇಳಿದ್ದರಲ್ಲೂ ಹುರುಳಿತ್ತು. ಆ ಬೀದಿಯಲ್ಲಿ ಬಾಗಿಲು ಬಡಿದರೆ ಮಗ್ಗದ ಸದ್ದಿಗೆ ಯಾರಿಗೂ ಕೇಳುವುದಿಲ್ಲ. ಹಾಗಾಗಿ ಯಾರೂ ಬಡಿಯುವುದಿಲ್ಲ. ಹಿತ್ತಿಲಿಂದ ನೇರ ಒಳಗೆ ಬರುತ್ತಾರೆ, ಬೇಕಾದ್ದು ಕೇಳುತ್ತಾರೆ, ಒಯ್ಯುತ್ತಾರೆ. ಅಜ್ಜನ ಕಾಲದಿಂದ ನಡೆದು ಬಂದ ರೂಢಿ.

ಕೋವಿ ಕೊಳ್ಳುವ ಮೊದಲು ಕೋವಿದರನ್ನು ಕಾಣಬೇಕಲ್ಲ. ಮರುದಿನ ನನ್ನ ಬೈಕಿನಲ್ಲಿ ನನ್ನಿವಾಳಕ್ಕೆ ಹೋದೆವು. ಅಲ್ಲಿ ಮಾವನ ಹಳೆಯ ಸ್ನೇಹಿತ ಮಾರಯ್ಯನ ಬಳಿ ಶೇಂಗಾ ಹೊಲಕ್ಕೆ ಬರುವ ಹಂದಿ ಓಡಿಸಲೆಂದು ಪರವಾನಗಿ ಪಡೆದ ಬಂದೂಕಿತ್ತು.

"ಮನಿ ಅಂದ್ಮೇಲೆ ಒಂದು ಬಂದೂಕು ಇರ್ಬೇಕು ಸೂರಪ್ಪ," ಎಂದ ಮಾರಯ್ಯ ಮಂಚದ ಮೇಲೆ ಜಾಗ ಮಾಡಿಕೊಡುತ್ತ. "ಪೊಲೀಸ್ನೋರು ಬರಾ ಹೊತ್ತಿಗೆ ಕಳ್ಳ ಆಂಧ್ರದಾಗೆ ಚಾ ಕುಡೀತಿರ್ತಾನೆ. ನಮ್ಮನೆ ನಾವೇ ಕಾಯ್ಬೇಕು."

ಮಾವ ನನ್ನ ಕಡೆ ನೋಡಿ ಮೀಸೆ ತೀಡಿದರು. "ಕೇಳಿಸ್ಕಂಡ್ಯಾ? ಎಲ್ಲಿ, ಒಂದ್ಸಲ ತೋರ್ಸು ಮಾರಯ್ಯಣ್ಣ."

"ಟ್ರಂಕಿನಾಗೈತೆ. ಬೀಗದ ಕೈ ನನ್ನ ಹೆಂಡ್ತಿ ಸೆರಗಿನಾಗೈತೆ. ಅವ್ಳು ಕೂಲಿಗೆ ಹೋಗ್ಯಾಳೆ."

"ಹಂಗಾದ್ರೆ ಕಳ್ಳ ಬಂದ್ರೆ?" ನಾನು ಕೇಳಿದೆ.

"ಅವ್ನೂ ಕೂತ್ಕತಾನೆ. ಮಂಚ ಐತಲ್ಲ."

ಒಂದು ಗಂಟೆ ಕೂತೆವು. ಅವನ ಹೆಂಡತಿ ರಂಗಕ್ಕ ಬಂದಳು, ಕಾಲು ತೊಳೆದಳು, ನೀರು ಕುಡಿದಳು, ಬಂದ ಕಾರಣ ಕೇಳಿದಳು, ಆಮೇಲೆ ಬೀಗ ತೆಗೆದಳು. ಟ್ರಂಕಿನಲ್ಲಿ ಎರಡು ಕಂಬಳಿ ಮತ್ತು ಒಂದು ಹಿತ್ತಾಳೆ ಚೊಂಬು ಇದ್ದವು.

"ಬಂದೂಕೆಲ್ಲೇ?" ಎಂದ ಮಾರಯ್ಯ.

"ಎಲೆಕ್ಷನ್ನಿಗೆ ಅಂತ ಠಾಣೆಗೆ ಕೊಟ್ಟು ಬಂದ್ಯಲ್ಲ. ತರಾಕೆ ಹೋಗಿದ್ಯಾ?"

ಮಾರಯ್ಯ ತಲೆ ಕೆರೆದುಕೊಂಡ. ಪಂಚಾಯ್ತಿ ಚುನಾವಣೆ ಬಂದರೆ ಬಂದೂಕು ಠಾಣೆಗೆ, ಅಸೆಂಬ್ಲಿ ಬಂದರೆ ಠಾಣೆಗೆ, ಪಾರ್ಲಿಮೆಂಟ್ ಬಂದರೂ ಠಾಣೆಗೆ. ಮತದಾನದಲ್ಲಿ ಮಾರಯ್ಯನಿಗಿಂತ ಅವನ ಬಂದೂಕೇ ಹೆಚ್ಚು ಶ್ರದ್ಧೆಯುಳ್ಳದ್ದು.

"ಅಲ್ಲೇ ಭದ್ರವಾಗೈತೆ ಬಿಡು," ಎಂದ ಅವನು. "ಹಂದಿಗೆ ಈಗ ಪಟಾಕಿ ಹೊಡೀತೀನಿ. ಆದ್ರೂ ಬಂದೂಕು ಐತೆ ಅಂತ ಸುದ್ದಿಯಾದ್ರೆ ಸಾಕು, ಕಳ್ಳ ಈ ಕಡೆ ತಲೆ ಹಾಕಲ್ಲ."

"ಸುದ್ದಿಯಾದ್ರೆ ಅದನ್ನೇ ಕದಿಯಾಕೆ ಬರ್ತಾನೆ," ಎಂದಳು ರಂಗಕ್ಕ. "ಒಬ್ರ ಮನ್ಯಾಗಿದ್ರೆ ಎದುರು ಮನ್ಯೋರಿಗೂ ಬೇಕು. ಅವ್ರಿಗೆ ಬಂದ್ರೆ ಪಕ್ಕದೋರಿಗೂ ಬೇಕು. ಆಮೇಲೆ ಕಳ್ಳ ಒಬ್ನೇ ಬರಿಗೈಲಿ ಬರ್ತಾನಾ? ಹೊಲದ ಬದುವಿನ ಜಗಳಕ್ಕೆ ಇಲ್ಲಿ ಕುಡುಗೋಲು ಎತ್ತಿದ್ದು ನಾ ಕಂಡೀನಿ ಸೂರಪ್ಪ. ಕುಡುಗೋಲಾದ್ರೆ ಹತ್ರ ಬರಾದ್ರೊಳಗೆ ಯಾರಾದ್ರೂ ಕೈ ಹಿಡೀತಾರೆ. ಗುಂಡಿನ ಕೈ ಯಾರು ಹಿಡೀತಾರೆ?"

"ಹೆಂಗಸ್ರಿಗೆ ಇದೆಲ್ಲ ತಿಳಿಯಲ್ಲ," ಎಂದ ಮಾರಯ್ಯ. ಬೀಗದ ಕೈ ಮತ್ತೆ ಸೆರಗಿಗೆ ಹೋಯಿತು.

ದಾರಿಯುದ್ದಕ್ಕೂ ನಾನು ಒಮ್ಮೆ ಮಾರಯ್ಯನಾಗಿ, ಒಮ್ಮೆ ರಂಗಕ್ಕನಾಗಿ ಆ ವಾದವನ್ನು ಮತ್ತೆ ನಡೆಸಿದೆ. ಮಾವ ನಗಲಿಲ್ಲ. ಮನೆ ಸೇರಿದ ಕೂಡಲೇ ಗೂಡಿನಲ್ಲಿ ಜರಿ ಇದೆಯೇ ಎಂದು ಮುಟ್ಟಿ ನೋಡಿದರು. ಆ ವಾರ ಗೂಡಿನ ಕಡೆ ಕತ್ತು ತಿರುಗಿಸಿ ತಿರುಗಿಸಿ ಅವರು ಸೀರೆಯಲ್ಲಿ ಎರಡು ಕಡೆ ಎಳೆ ತಪ್ಪಿಸಿದ್ದರು. ಮೂವತ್ತು ವರ್ಷದಲ್ಲಿ ಹಾಗಾಗಿರಲಿಲ್ಲವಂತೆ.

"ಬಂದೂಕು ಬರ್ಲೇಬೇಕು ಕಿರಣ. ನಾಳೆ ಅರ್ಜಿ ತುಂಬು."

ಆಗ ಅತ್ತೆ ಮೂಲೆಯಿಂದ ಹಳೆಯ ಕರಿ ಛತ್ರಿ ತಂದು ಮಾವನ ಮುಂದಿಟ್ಟರು. "ನಾಳೆ ಮಧ್ಯಾಹ್ನ ಇದೇ ಬಂದೂಕು. ನೀವು ಎಂದಿನಂಗೆ ನೇಯ್ರಿ. ಕಿರಣ ಕಳ್ಳ. ಅವ್ನು ಬಂದಾಗ ಹೊಡದ್ರೆ ಅರ್ಜಿ ಕಳ್ಸಾಕೆ ನಾನೇ ಅಂಚೆ ಕಚೇರಿಗೆ ಹೋಗ್ತೀನಿ. ಜರಿ ಹೋದ್ರೆ ಈ ಮಾತು ಇಲ್ಲಿಗೆ ಮುಗೀತು."

"ಒಪ್ದೆ," ಎಂದರು ಮಾವ. "ಕಳ್ಳ ಪುಕ್ಲ. ಬಾಗ್ಲಾಗೇ ಬೀಳ್ತಾನೆ."

ಮರುದಿನ ಮಧ್ಯಾಹ್ನ ಮಾವ ಮಗ್ಗದ ಗುಂಡಿಗೆ ಕಾಲಿಳಿಸಿ ಕೂತು, ಛತ್ರಿಯನ್ನು ತೊಡೆಯ ಪಕ್ಕ ಇಟ್ಟುಕೊಂಡರು. ಗುಂಡಿಯಲ್ಲಿ ಕೂತವರಿಗೆ ಗುಂಡಿನ ಧೈರ್ಯ. ನಾನು ಹಿತ್ತಿಲ ಬೇವಿನ ಮರದ ಹಿಂದೆ ನಿಂತೆ. ಬಾಗಿಲು ತೆರೆದೇ ಇತ್ತು. ಒಳಗೆ ಮಬ್ಬು, ಹೊರಗೆ ಮೊಳಕಾಲ್ಮೂರಿನ ಬಿಸಿಲು. ಬಾಗಿಲಲ್ಲಿ ಯಾರು ನಿಂತರೂ ಒಳಗಿದ್ದವರಿಗೆ ಒಂದು ಕರಿ ಆಕಾರ ಅಷ್ಟೇ.

ಮೊದಲ ಆಕಾರ ಬಂದಿತು. ಛತ್ರಿ ಎದ್ದಿತು. "ಡಂ."

"ಏಮೈಂದನ್ನಾ, ಏನಾಯ್ತು?" ಎಂದ ಪಕ್ಕದ ಮನೆಯ ನೇಕಾರ ಲೋಹಿತ. ಅವನ ಮಾತು ಹೊರಡುವುದು ತೆಲುಗಿನಲ್ಲಿ, ಇಳಿಯುವುದು ಕನ್ನಡದಲ್ಲಿ. "ಮನೆ ಒಳ್ಗೆ ಯಾಕೆ ಛತ್ರಿ, ಸೋರ್ತೈತಾ? ಒಂದು ಕಂಡಿಕೆ ಕೊಡು." ಕಂಡಿಕೆ ಎಂದರೆ ಲಾಳಿಯೊಳಗೆ ಇಡುವ, ನೂಲು ಸುತ್ತಿದ ಕಡ್ಡಿ. ಸತ್ತವನು ಒಂದು ತೆಗೆದುಕೊಂಡು ಹೋದ.

ಎರಡನೆಯವಳು ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ಎದುರು ಮನೆಯ ನಿರ್ಮಲಾ. ಡಂ. ಮೂರನೆಯವನು ಬಣ್ಣ ಹಾಕಿದ ರೇಷ್ಮೆ ತಂದ ಮಾರುತಿ. ಡಂ. ಅವನು ಪಾಪ ಗಾಬರಿಯಾಗಿ, "ಕೆಂಪು ಜಾಸ್ತಿ ಆಯ್ತಾ ಸೂರಪ್ನೋರೆ, ಬೇಕಾದ್ರೆ ಇನ್ನೊಂದ್ಸಲ ಅದ್ದಿ ಕೊಡ್ತೀನಿ," ಎಂದ. ನಾಲ್ಕನೆಯವರು ಹಿತ್ತಿಲಲ್ಲಿ ಪಾತ್ರೆ ತೊಳೆದು ಒಳಗೆ ಹೋದ ಸ್ವತಃ ಸೂರಮ್ಮತ್ತೆ.

"ಡಂ."

"ಮೂವತ್ತು ವರ್ಷದ ಆಸೆ ತೀರ್ತಾ?" ಎಂದು ಕೇಳಿ ಅತ್ತೆ ಪಾತ್ರೆ ಬೋರಲು ಹಾಕಿದರು.

ಮಾವನಿಗೆ ನಾಚಿಕೆಯಾಗಿರಬೇಕು. ಛತ್ರಿ ಬದಿಗಿಟ್ಟು, ತಲೆ ತಗ್ಗಿಸಿ ನೇಯತೊಡಗಿದರು. ಅಲ್ಲಿಗೆ ಕಳ್ಳನ ಮುಹೂರ್ತ ಬಂದಿತು. ನಾನು ಬಾಗಿಲ ಬಳಿ ಹೋಗಿ, ಮೂಗಿನೊಳಗಿಂದ ಲೋಹಿತನ ದನಿ ಹೊರಡಿಸಿದೆ: "ಅನ್ನಾ, ಇಂಕೊಕ ಕಂಡಿಕೆ ತೀಸ್ಕುಂಟಾ."

"ಇನ್ನೊಂದಾ? ತಗಳಪ್ಪ," ಎಂದರು ಮಾವ, ಲಾಳಿಯಿಂದ ಕಣ್ಣೆತ್ತದೆ. "ಆಗ್ಲೇ ಹೊಡದಿದ್ದಕ್ಕೆ ಬೇಜಾರಾಗ್ಬ್ಯಾಡ ಲೋಹಿತ."

"ಪರ್ವಾಲೇದನ್ನಾ," ಎಂದು ನಾನು ಜರಿ ಡಬ್ಬಿ ಎತ್ತಿಕೊಂಡು ಬೇವಿನ ಮರಕ್ಕೆ ಮರಳಿದೆ.

ನಗು ತಡೆಯುತ್ತ ನಿಂತಿದ್ದಾಗ ರಶ್ಮಿತಾ ದರ್ಜಿ ಅಂಗಡಿಯಿಂದ ಬಂದಳು. ಅಪ್ಪನಿಗೆ ತಿಳಿಯದಂತೆ ಹಿಂದಿನಿಂದ ಹೋಗಿ ಕಣ್ಣು ಮುಚ್ಚುವುದು ಅವಳ ಚಿಕ್ಕಂದಿನ ಚಟ. ಅವಳು ಮೆಲ್ಲಗೆ ಹೆಜ್ಜೆ ಇಟ್ಟಳು. ಮೆಲ್ಲಗೆ ಬರುವವರು ಕಳ್ಳರೇ ಎಂದು ಮಾವ ಲೆಕ್ಕ ಹಾಕಿರಬೇಕು. ಓರೆಗಣ್ಣಿಗೆ ನೆರಳು ಬಿದ್ದದ್ದೇ ತಡ, ಛತ್ರಿ ನೇರ ಅವಳ ಎದೆಗೆ ಏರಿತು.

"ಡಂ. ಸಿಕ್ಕಿದ್ಯಾ ಕಳ್ಳಾ."

"ಅಪ್ಪ, ನಾನು."

ಮಗ್ಗ ನಿಂತಿತು. ನಾನು ಮೆಲ್ಲಗೆ ಬಾಗಿಲ ಮರೆಗೆ ಬಂದೆ. ಬೀದಿಯ ಉಳಿದ ಮಗ್ಗಗಳ ಸದ್ದು ಒಳಗೆಲ್ಲ ತುಂಬಿಕೊಂಡಿತು. ಮಾವನ ಕೈಯಲ್ಲಿ ಛತ್ರಿ ಹಾಗೇ ಇತ್ತು, ಕೆಳಗಿಳಿಯಲಿಲ್ಲ. ರಶ್ಮಿತಾಳೇ ಅದರ ತುದಿ ಹಿಡಿದು ಪಕ್ಕಕ್ಕೆ ಸರಿಸಿದಳು. ಆಮೇಲೆ ಅವಳ ಕಣ್ಣು ಗೂಡಿನ ಮೇಲೆ ಬಿತ್ತು.

"ಅಪ್ಪ, ಜರಿ ಎಲ್ಲಿ?"

ಮಾವ ಗೂಡು ನೋಡಿದರು. ಮಗಳನ್ನು ನೋಡಿದರು. ನಾನು ಇನ್ನೂ ಸ್ವಲ್ಪ ಆಟವಾಡಿಸಬೇಕೆಂದಿದ್ದೆ. ಆ ಮುಖ ನೋಡಿ ಆಗಲಿಲ್ಲ. ಒಳಗೆ ಹೋಗಿ ಡಬ್ಬಿಯನ್ನು ಮಗ್ಗದ ಮೇಲಿಟ್ಟೆ.

"ಯಾವಾಗ್ಲೇ ಬಂದಿದ್ದೆ?"

"ನೀವೇ ತಗಳಪ್ಪ ಅಂದ್ರಲ್ಲ ಮಾವ."

ಮಾವ ಗುಂಡಿಯಿಂದ ಕಾಲೆತ್ತಿ, "ಕಳ್ಳನಿಗೆ ತಗಳಪ್ಪ ಅಂದೆ, ಮಗಳಿಗೆ ಡಂ ಅಂದೆ," ಎಂದರು. "ಸೂರಮ್ಮ, ಈ ಛತ್ರಿ ಒಳಗಿಡು. ಅರ್ಜಿ ಎಲ್ಲೈತೆ?"

"ಅಂಚೆ ಕಚೇರಿಗೆ ಹೋಗ್ಲಾ?" ಅತ್ತೆ ಕೇಳಿದರು.

"ಬ್ಯಾಡ. ಜರಿಗೆ ಧೂಳು ಕೂರ್ತೈತೆ. ಡಬ್ಬಿ ಒಳಗೆ ಜರಿ ಮೇಲೆ ಮುಚ್ಚಾಕೆ ಆ ಕಾಗ್ದ ಬೇಕಿತ್ತು."

ಬಣ್ಣ ನೋಡಲು ಬೆಳಕು ಬೇಕೆಂದು ಅಜ್ಜ ಜರಿಯನ್ನು ಬಾಗಿಲ ಪಕ್ಕ ಇಡುತ್ತಿದ್ದನಂತೆ. ಈಗ ತಲೆಯ ಮೇಲೆ ಬಲ್ಬು ಉರಿಯುತ್ತದೆ, ಆದರೂ ಜರಿ ಮಾತ್ರ ಬಾಗಿಲ ಪಕ್ಕದಲ್ಲೇ ಉಳಿದಿತ್ತು. ಅಂದು ಸಂಜೆ ಮಾವ ಡಬ್ಬಿಯನ್ನು ಬಟ್ಟೆ ಚೀಲಕ್ಕೆ ಹಾಕಿ, ಬಲ್ಬಿನ ಪಕ್ಕ, ಕೂತರೆ ತಲೆಗೆ ತಾಗುವಂತೆ ತೂಗುಹಾಕಿದರು. ಯಾರಾದರೂ ಅದನ್ನು ಒಯ್ಯಬೇಕಾದರೆ ಮಾವನ ತಲೆ ಸರಿಸಿಯೇ ಒಯ್ಯಬೇಕು. ಬೀದಿಯವರಿಗೂ ಹೇಳಿದರು, ಅವರೂ ಹಾಗೇ ಮಾಡಿದರು. ಕಳ್ಳ ಇವತ್ತಿಗೂ ಸಿಕ್ಕಿಲ್ಲ. ಜರಿ ಮತ್ತೆ ಹೋಗಿಲ್ಲ.

ಸೆರಗು ಅದೇ ಹೊಳಪಿನಲ್ಲಿ ಮುಗಿಯಿತು. ಮದುವೆ ಊಟಕ್ಕೆ ಲೋಹಿತ, ನಿರ್ಮಲಾ, ಮಾರುತಿ ಒಂದೇ ಸಾಲಿನಲ್ಲಿ ಕೂತು, ಸತ್ತವರಿಗೆ ಎರಡು ಹೋಳಿಗೆ ಎಂದು ಹಟ ಹಿಡಿದರು. ಮಾವ ತಾವೇ ತುಪ್ಪ ಬಡಿಸಿದರು.

ಹಿತ್ತಿಲ ಬಾಗಿಲಿಗೆ ಈಗಲೂ ಚಿಲಕವಿಲ್ಲ. ಒಳಗೆ ಬರುವವರು ಮಾತ್ರ ಎರಡೂ ಕೈ ಮೇಲೆತ್ತಿಕೊಂಡು ಬಂದು, ಆಮೇಲೆ ಮಜ್ಜಿಗೆ ಕೇಳುತ್ತಾರೆ.