ಬಿಟ್ಟುಹೋದ ಒಂದು

"ಒಂದ್ಸಲ ನೋಡೇ, ನಿನ್ ಕಣ್ಣು ಚುರುಕು," ಎಂದು ದೊಡ್ಡ ಸೊಸೆ ಲ್ಯಾಪ್‌ಟಾಪನ್ನು ಚಿಕ್ಕ ಸೊಸೆಯ ತೊಡೆಯ ಮೇಲಿಟ್ಟಳು. ಒಂದೇ ಮನೆಯ ಸೊಸೆಯರಿಬ್ಬರೂ ಸಂದರ್ಶನಕ್ಕೆಂದು ಬಂದು ಆಫೀಸಿನ ಹೊರಗೆ ಕಾಯುತ್ತಿದ್ದರು. ಖಾಲಿ ಇದ್ದದ್ದು ಒಂದೇ ಕೆಲಸ.

ಮನೆಯಲ್ಲೇ ಬರೆದು ತರಲು ಒಂದು ಪ್ರೋಗ್ರಾಂ ಕೊಟ್ಟಿದ್ದರು. ಕಂಪ್ಯೂಟರು ಎಷ್ಟೇ ಜಾಣನಾದರೂ ಸಂಖ್ಯೆ ಮಿತಿಮೀರಿ ಉದ್ದವಾದರೆ ಅದರ ಹೊಟ್ಟೆಗೆ ಹಿಡಿಸುವುದಿಲ್ಲ. ಆಗ ಸಂಖ್ಯೆಯನ್ನು ಅಕ್ಷರಗಳ ಸಾಲಿನಂತೆ ಇಟ್ಟುಕೊಂಡು, ಶಾಲೆಯ ಮಕ್ಕಳ ಹಾಗೆ ಬಲಗಡೆಯಿಂದ ಒಂದೊಂದೇ ಅಂಕಿ ಕೂಡಿಸಿ, ಒಂಬತ್ತು ದಾಟಿದರೆ ಕೈಯಲ್ಲಿ ಒಂದು ಇಟ್ಟುಕೊಂಡು ಎಡಕ್ಕೆ ಸರಿಯಬೇಕು. ಚಿಕ್ಕವಳಿಗೆ ಇದನ್ನೆಲ್ಲ ಕಲಿಸಿದವಳೇ ದೊಡ್ಡವಳು. ಅದೂ ಚಿಕ್ಕವಳ ಮಗುವನ್ನೇ ಸೊಂಟದ ಮೇಲೆ ಕೂರಿಸಿಕೊಂಡು.

ಚಿಕ್ಕವಳ ಕಣ್ಣು ಕೊನೆಯ ಸಾಲುಗಳಲ್ಲಿ ನಿಂತಿತು. ಎಡತುದಿಯ ಅಂಕಿಗಳನ್ನೂ ಕೂಡಿಸಿದ ಮೇಲೆ ಕೈಯಲ್ಲಿ ಒಂದು ಉಳಿದಿದ್ದರೆ ಅದನ್ನು ಮುಂದೆ ಬರೆಯಬೇಕಲ್ಲ, ಆ ಸಾಲೇ ಇರಲಿಲ್ಲ. ಒಂಬೈನೂರ ತೊಂಬತ್ತೊಂಬತ್ತಕ್ಕೆ ಒಂದು ಕೂಡಿಸಿದರೆ ಸಾವಿರ ಹೋಗಿ ಬರೀ ಸೊನ್ನೆಗಳು ಬರುತ್ತಿದ್ದವು. ಮಾತು ನಾಲಿಗೆಯ ತುದಿಗೆ ಬಂತು.

"ಸರಿಯಾಗಿದೆ ಅಕ್ಕ," ಎಂದಳು.

ಒಳಗೆ ಹೋದ ದೊಡ್ಡವಳು ಹೋದಷ್ಟೇ ಬೇಗ ಹೊರಬಂದಳು. "ಬರೀ ಒಂಬತ್ತುಗಳನ್ನ ಕೊಟ್ಟು ಒಂದು ಕೂಡಿಸಿ ಅಂದ್ರು ಕಣೇ. ಸೊನ್ನೆ, ಸೊನ್ನೆ, ಬರೀ ಸೊನ್ನೆ! ಮನೇಲಿ ಕೂತು ಕೂತು ನನ್ ತಲೆಗೆ ತುಕ್ಕು ಹಿಡಿದಿದೆ." ನಗಲು ನೋಡಿದಳು, ಆಗಲಿಲ್ಲ. ಆಮೇಲೆ ಚಿಕ್ಕವಳ ಮುಂಗೂದಲು ಸರಿಮಾಡಿ, "ಹೋಗು, ನೀನಾದ್ರೂ ಧೈರ್ಯವಾಗಿ ಮಾತಾಡು," ಎಂದಳು.

ಕೆಲಸ ಚಿಕ್ಕವಳಿಗೆ ಸಿಕ್ಕಿತು. ಸಂಜೆ ಮನೆಯಲ್ಲಿ ಊಟಕ್ಕೆ ಕೂತಾಗ ದೊಡ್ಡವಳ ಗಂಡ, "ಸದ್ಯ, ಬೇರೆ ಯಾರೂ ಕದ್ಕೊಂಡು ಹೋಗ್ಲಿಲ್ಲ, ಮನೆಗೇ ಬಂತಲ್ಲ!" ಎಂದು ನಕ್ಕ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಚಿಕ್ಕವಳು, "ನಾನೇನು ಕದ್ದೆ ಭಾವ?" ಎಂದುಬಿಟ್ಟಳು. ತಮಾಷೆಯೆಂದುಕೊಂಡು ಎಲ್ಲರೂ ಇನ್ನೂ ಜೋರಾಗಿ ನಕ್ಕರು. ಅವಳು ತಟ್ಟೆ ಸರಿಸಿದಳು.

ಊಟ ಬಿಟ್ಟೆದ್ದು ಕೋಣೆಗೆ ಹೋದರೆ ದೊಡ್ಡವಳು ಮಗುವನ್ನು ತಟ್ಟಿ ಮಲಗಿಸುತ್ತಿದ್ದಳು.

"ನೀನು ನಿಶ್ಚಿಂತೆಯಾಗಿ ಕೆಲಸಕ್ಕೆ ಹೋಗಮ್ಮ. ಇವಳನ್ನ ನಾನು ನೋಡ್ಕೋತೀನಿ. ನಂಗಿನ್ನೇನು ಕೆಲಸ ಇದೆ?"

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಚಿಕ್ಕವಳು ಬಾಗಿಲಿಗೆ ಒರಗಿದಳು.

"ಅಕ್ಕ, ಆ ತಪ್ಪು ನಂಗೆ ಕಂಡಿತ್ತು. ನೀವು ತೋರಿಸಿದಾಗ್ಲೇ. ಕಂಡೂ ಸುಮ್ನಿದ್ದೆ."

ತಟ್ಟುತ್ತಿದ್ದ ಕೈ ನಿಂತಿತು. ಪಕ್ಕದ ಕೋಣೆಯಲ್ಲಿ ಗಂಡಸರು ಇನ್ನೂ ಏನೋ ಹೇಳಿಕೊಂಡು ನಗುತ್ತಿದ್ದರು. ಮಗು ಮಿಸುಕಿ, ಅಳಲೋ ಬೇಡವೋ ಎಂಬಂತೆ ಬಾಯಿ ಸೊಟ್ಟ ಮಾಡಿತು.

ದೊಡ್ಡವಳು ತಲೆಯೆತ್ತಲಿಲ್ಲ. ಅವಳ ಕೈ ಮತ್ತೆ ಮೆಲ್ಲಗೆ ತಟ್ಟತೊಡಗಿತು.