ಸಾವಿತ್ರೆವ್ವನ ಹೆಸರಿನ ಶೇರು

ಔಷಧ ಮಾಡುವ ಕಂಪನಿಯೊಂದರ ಶೇರು ಸಾವಿತ್ರೆವ್ವನ ಹೆಸರಿಗೆ ಬಂದದ್ದು ಆಕೆ ಬದುಕಿ ಉಳಿದ ಖುಷಿಗೆ.

ಎಂಟು ವರ್ಷಗಳ ಹಿಂದೆ ಆಕೆಯ ಎದೆಯಲ್ಲಿ ಗಂಟು ಕಾಣಿಸಿಕೊಂಡಿತ್ತು. ಮಿರಜಿನ ಡಾಕ್ಟರು ಆಪರೇಶನ್ ಮಾಡಿ, ಇನ್ನು ಒಂದು ವರ್ಷದವರೆಗೆ ಮೂರು ವಾರಕ್ಕೊಮ್ಮೆ ಬಂದು ಇಂಜೆಕ್ಷನ್ ಮಾಡಿಸಿಕೊಳ್ಳಬೇಕೆಂದರು. ಗಂಡ ಅಮೋಘಸಿದ್ದಪ್ಪನಿಗೆ ಬಿಳೂರಿನ ಬಾಜಾರದಲ್ಲಿ ಬಟ್ಟೆ ಅಂಗಡಿ. ಸೀರೆಯ ಸೆರಗು ಮುಟ್ಟಿ ನೂಲು ಹೇಳುವ ಮನುಷ್ಯ, ಆದರೆ ಗಾಡಿ ನಡೆಸಲು ಬಾರದು. ಆಗ ಬಂದವನು ಜತ್ತದಲ್ಲಿದ್ದ ಅವನ ಅಕ್ಕನ ಮಗ ರವಿಕುಮಾರ. ಹಳೆಯ ಕಾರೊಂದನ್ನು ತೆಗೆದುಕೊಂಡು ಬೆಳಗ್ಗೆ ಬಿಳೂರಿಗೆ ಬರುತ್ತಿದ್ದ, ಅತ್ತೆಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಮಿರಜಿಗೆ ಹೋಗುತ್ತಿದ್ದ. ವಾಂತಿಯಾದರೆ ಗಾಡಿ ನಿಲ್ಲಿಸಿ ಬೆನ್ನು ಸವರುತ್ತಿದ್ದ. ವರ್ಷವಿಡೀ ಒಂದು ಸಲವೂ ತಪ್ಪಿಸಲಿಲ್ಲ.

ಆ ಇಂಜೆಕ್ಷನ್ ಮೊದಲು ಹೊರದೇಶದಿಂದ ಬರುತ್ತಿತ್ತಂತೆ, ಬೆಲೆ ಕೇಳಿದರೆ ಹೊಲ ಮಾರಬೇಕಾಗುತ್ತಿತ್ತಂತೆ. ಈಗ ನಮ್ಮ ದೇಶದ್ದೇ ಒಂದು ಬಯೋಟೆಕ್ ಕಂಪನಿ ಅದನ್ನು ಅಗ್ಗಕ್ಕೆ ಮಾಡುತ್ತಿದೆ ಎಂದು ಡಾಕ್ಟರು ಹೇಳಿದ್ದರು. ಅಮೃತಕಣ ಬಯೋಟೆಕ್ ಎಂಬ ಆ ಹೆಸರನ್ನು ಅಮೋಘಸಿದ್ದಪ್ಪ ದೇವರ ಹೆಸರಿನ ಹಾಗೆ ನೆನಪಿಟ್ಟುಕೊಂಡ. ಕೊನೆಯ ಇಂಜೆಕ್ಷನ್ ಮುಗಿದ ಮರುವಾರ ರವಿಕುಮಾರನ ಆಫೀಸಿಗೆ ಹೋದ. ರವಿಕುಮಾರ ಜತ್ತದ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಶೇರು ಕೊಳ್ಳುವ ಮಾರುವ ಏಜೆಂಟನ ಕೆಲಸ ಮಾಡುತ್ತಿದ್ದ. ಸಾವಿತ್ರೆವ್ವನ ಹೆಸರಿನಲ್ಲಿ ಆ ಕಂಪನಿಯ ಐವತ್ತು ಶೇರು ಕೊಡಿಸು ಎಂದು ಮಾವ ಕೇಳಿದ, ಅಳಿಯ ಕೊಡಿಸಿದ.

"ಅಲ್ರೀ, ಎಲ್ಲಾರೂ ಹೆಂಡ್ತಿಗೆ ಬಳಿ ಮಾಡಸ್ತಾರ, ಪಾಟ್ಲಿ ಮಾಡಸ್ತಾರ. ನೀವು ಔಷಧದ ಕಾರಖಾನಿ ಕೊಡಸೀರಿ!" ಎಂದು ಸಾವಿತ್ರೆವ್ವ ನಕ್ಕಳು.

"ಕಾರಖಾನಿ ಚಲೋ ನಡೀಲಿ ಅಂತ. ನಿನ್ನಂಥವ್ರು ಇನ್ನೂ ಎಷ್ಟ ಮಂದಿ ಇರ್ತಾರೋ," ಎಂದು ಅಮೋಘಸಿದ್ದಪ್ಪ ಮುಖ ಆ ಕಡೆ ತಿರುಗಿಸಿದ.

ಮೂರು ವರ್ಷ ಬಿಟ್ಟು ಕಂಪನಿ ಒಂದಕ್ಕೊಂದು ಬೋನಸ್ ಕೊಟ್ಟಿತು, ಐವತ್ತು ಶೇರು ನೂರಾದವು. ಆ ದಿನ ಅವನು ಬಾಜಾರದಲ್ಲೆಲ್ಲ ಪೇಡೆ ಹಂಚಿದ. ಆಮೇಲೆ ಅಂಗಡಿಯ ಗದ್ದಲದಲ್ಲಿ ಅದನ್ನು ಮರೆತ.

ಈ ವರ್ಷ ಮಗಳು ಪೂನಮ ತವರಿಗೆ ಬಂದವಳು ಅಪ್ಪನ ಮೊಬೈಲಿನಲ್ಲಿ ಶೇರಿನ ದರ ತೋರಿಸುವ ಆ್ಯಪ್ ಹಾಕಿಕೊಟ್ಟು ಹೋದಳು. ಇವತ್ತಿನ ದರವಷ್ಟೇ ಅಲ್ಲ, ಹತ್ತು ವರ್ಷದ ಹಿಂದಿನ ಯಾವ ದಿನ ಕೇಳಿದರೂ ಅದರಲ್ಲಿ ಸಿಗುತ್ತಿತ್ತು. ಅಮೋಘಸಿದ್ದಪ್ಪನಿಗೆ ಅದೊಂದು ಹೊಸ ಚಟವಾಯಿತು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಕನ್ನಡಕ ಏರಿಸಿ ಹಳೆಯ ದರಗಳ ಮೇಲೆ ಬೆರಳಾಡಿಸುತ್ತ ಕೂಡುತ್ತಿದ್ದ.

ಒಂದು ಮಧ್ಯಾಹ್ನ ಸಾವಿತ್ರೆವ್ವ ಅಂಗಡಿಗೆ ಚಹಾ ತಂದಾಗ ಗಂಡನ ಮುಖ ಕಪ್ಪಿಟ್ಟಿತ್ತು. ಎದುರಿನ ಕಿರಾಣಿ ಅಂಗಡಿಯ ಶ್ರೀಶೈಲಪ್ಪ ಬಗ್ಗಿ ಅವನ ಮೊಬೈಲು ನೋಡುತ್ತಿದ್ದ.

"ನೋಡಿಲ್ಲೆ," ಎಂದ ಅಮೋಘಸಿದ್ದಪ್ಪ. "ನಾ ರವೀಗೆ ಒಂದ ಶೇರಿಗೆ ಆರ್ನೂರಾ ನಲವತ್ತು ಕೊಟ್ಟೀನಿ. ನನಗ ಪಕ್ಕಾ ನೆನಪದ. ಆ ದಿನದ ದರ ಇದ್ರಾಗ ಎಷ್ಟದ ನೋಡು. ಮುನ್ನೂರಾ ಇಪ್ಪತ್ತು! ಅರ್ಧಕ್ಕರ್ಧ ತಿಂದಾನ."

"ಏನರ ತಪ್ಪಾಗಿರಬೇಕ್ರೀ," ಎಂದಳು ಸಾವಿತ್ರೆವ್ವ.

"ಮಷೀನ್ ತಪ್ಪ ಹೇಳ್ತದೇನು? ಅಂವಗ ಕೇಳ್ತೀನಿ ನಿಲ್ಲು."

ಬೇಡ ಬೇಡ ಎನ್ನುವುದರೊಳಗೆ ಫೋನು ಹಚ್ಚಿದ. ಶ್ರೀಶೈಲಪ್ಪನ ಎದುರಿಗೇ ಏನೇನು ಬಾಯಿಗೆ ಬಂತೋ ಅದನ್ನೆಲ್ಲ ಅಂದ. ಸಾಯೋ ಅತ್ತೆಯ ಹೆಸರಿನ ಮೇಲೆ ದುಡ್ಡು ಹೊಡೆದಿ ಅಂದ. ಆ ಕಡೆಯಿಂದ ರವಿಕುಮಾರ, "ನಿಮಗ ಹಂಗ ಅನಿಸಿದ್ರ ಹಂಗs ತಿಳ್ಕೋರಿ ಮಾಮಾ," ಎಂದು ಫೋನು ಇಟ್ಟ.

ಸುದ್ದಿ ಕಿರಾಣಿ ಅಂಗಡಿಯಿಂದ ಹಿಟ್ಟಿನ ಗಿರಣಿಗೆ, ಗಿರಣಿಯಿಂದ ಇಡೀ ಊರಿಗೆ ಹೋಯಿತು. ರವಿಕುಮಾರನ ಕೈಯಲ್ಲಿ ವ್ಯವಹಾರ ಕೊಟ್ಟಿದ್ದ ಬಿಳೂರಿನ ಒಂದಿಬ್ಬರು ಅವನಿಗೆ ಫೋನು ಮಾಡುವುದನ್ನು ಬಿಟ್ಟರು. ಶೇರು ಸಾವಿತ್ರೆವ್ವನಿಗೆ ತಿಳಿಯದು, ಆದರೆ ರವಿ ಎಂಥವನೆಂದು ತಿಳಿದಿತ್ತು. ತನ್ನ ವಾಂತಿ ತೊಳೆದ ಕೈ ತನ್ನ ದುಡ್ಡು ಕದಿಯಲಾರದು. ನಾಲ್ಕನೆಯ ದಿನ ಗಂಡನಿಗೆ ಹೇಳದೆ ಜತ್ತದ ಬಸ್ಸು ಹತ್ತಿದಳು.

ಆಫೀಸಿನಲ್ಲಿ ರವಿಕುಮಾರನ ಹೆಂಡತಿ ನಂದಾ ಕೂಡ ಇದ್ದಳು. "ಬರ್ರಿ ಅತ್ತಿ, ಕುಂದ್ರಿ," ಎಂದಳು, ಆದರೆ ಮುಖದಲ್ಲಿ ನಗೆ ಇರಲಿಲ್ಲ. ರವಿಕುಮಾರ ತಲೆ ಎತ್ತದೆ ಕೇಳಿದ:

"ಅತ್ತಿ, ನೀವೂ ಹಂಗs ತಿಳ್ಕೊಂಡೀರೇನು?"

"ಹಂಗ ತಿಳ್ಕೊಂಡಿದ್ರ ನಿನ್ನ ಬಾಗಲಕ್ಕ ಯಾಕ ಬರ್ತಿದ್ನೋ ತಮ್ಮಾ? ಆದ್ರ ನಿಮ್ಮ ಮಾಮಾಗ ನಾ ಬರೇ 'ರವಿ ಚಲೋ ಹುಡುಗ' ಅಂದ್ರ ಕೇಳೂದಿಲ್ಲ. ದರ ಯಾಕ ಅರ್ಧ ಕಾಣ್ತದ, ನನಗ ತಿಳಿಯೂವಂಗ ಹೇಳು."

ರವಿಕುಮಾರ ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದ. ಒಂದು ಕಡೆ ಅಂದಂದಿನ ಮೂಲ ದರ, ಅದರಲ್ಲಿ ಶೇರು ಕೊಂಡ ದಿನ ಆರುನೂರ ನಲವತ್ತೇ ಇತ್ತು. ಇನ್ನೊಂದು ಕಡೆ ಆ್ಯಪಿನ ದರ, ಮುನ್ನೂರ ಇಪ್ಪತ್ತು. ಬೋನಸ್ ಕೊಟ್ಟ ದಿನ ಒಂದು ಶೇರು ಎರಡಾಯಿತು, ಕಂಪನಿ ಮಾತ್ರ ಇದ್ದಷ್ಟೇ ಇತ್ತು. ಹಾಗಾಗಿ ಒಂದೊಂದು ಶೇರಿನ ದರ ಅರ್ಧಕ್ಕೆ ಬಂತು.

"ಹಿಂದಿನ ದರಾನ ಹಂಗs ಬಿಟ್ರ, ದರದ ಚಿತ್ರ ನೋಡಿದವ್ರಿಗೆ ಕಂಪನಿ ಒಂದs ದಿನದಾಗ ಅರ್ಧ ಮುಳುಗೇದ ಅನಸ್ತದ ಅತ್ತಿ. ಅದಕ್ಕ ಬೋನಸಿನ ಹಿಂದಿನ ದರ ಎಲ್ಲಾನೂ ಅರ್ಧ ಮಾಡಿ ತೋರಸ್ತಾರ. ಹಳೇ ದರ, ಈಗಿನ ದರ ಜೋಡಿಸಿ ನೋಡಾಕ ಬರಲಿ ಅಂತ."

"ಇಷ್ಟ ಮಾತು ನೀ ಆವತ್ತs ಫೋನಿನ್ಯಾಗ ಹೇಳಬೇಕಿತ್ತಿಲ್ಲೋ?"

"ಹೇಳಾಕ ಬಾಯಿ ಬರಲಿಲ್ಲ ಅತ್ತಿ," ಎಂದ. ನಂದಾ ಎದ್ದು ಚಹಾ ಮಾಡಲು ಹೋದಳು.

ಸಾವಿತ್ರೆವ್ವ ಕಂಪ್ಯೂಟರಿನ ಕಡೆ ಬಗ್ಗಿ, ತನ್ನ ಕೊನೆಯ ಇಂಜೆಕ್ಷನ್ ಆದ ದಿನ ಆ ಕಂಪನಿಯ ದರ ಏನಿತ್ತು ತೋರಿಸು ಎಂದಳು. ಆ ತಾರೀಖು ಇಬ್ಬರಿಗೂ ಬಾಯಿಪಾಠ. ರವಿಕುಮಾರ ಹುಡುಕಿದ. ಅವತ್ತು ದರ ಎರಡು ರೂಪಾಯಿ ಇಳಿದಿತ್ತು, ಅಷ್ಟೆ.

"ಇಷ್ಟs?" ಎಂದಳು ಸಾವಿತ್ರೆವ್ವ. "ನಾ ಅವತ್ತು ಹುಟ್ಟಿ ಬಂದಂಗ ಆಗಿತ್ತಲ್ಲೋ!"

"ಶೇರು ಪ್ಯಾಟಿಗೆ ಅದು ಗೊತ್ತಿರಲಿಲ್ಲ ಅತ್ತಿ," ಎಂದು ರವಿಕುಮಾರ ನಕ್ಕ. ಆ ವಾರದಲ್ಲಿ ಅವನು ನಕ್ಕದ್ದು ಅದೇ ಮೊದಲು. ಚಹಾ ತಂದ ನಂದಾ ಅದನ್ನು ನೋಡಿ ಅತ್ತೆಯ ಪಕ್ಕಕ್ಕೆ ಸರಿದು ಕುಳಿತಳು.

ಸಂಜೆ ಊಟಕ್ಕೆ ಕುಳಿತ ಗಂಡನ ತಾಟಿಗೆ ಸಾವಿತ್ರೆವ್ವ ಒಂದು ಜೋಳದ ರೊಟ್ಟಿ ಹಾಕಿದಳು. ಅವನು ಕೈ ಹಚ್ಚುವ ಮೊದಲೇ ಅದನ್ನು ಮುರಿದು ಎರಡು ಮಾಡಿದಳು.

"ಈಗ ನಿಮ್ಮ ತಾಟಿನ್ಯಾಗ ರೊಟ್ಟಿ ಹೆಚ್ಚಾತೇನ್ರಿ?"

"ಏನ ಚೇಷ್ಟಿ ಇದು? ಇದ್ದದ್ದs ಅದ."

"ಬೋನಸ್ ಬಂದಾಗ ಆದದ್ದೂ ಇದs. ಐವತ್ತು ನೂರಾತು, ದರ ಅರ್ಧ ಆತು. ಹಿಂದಿನ ದರಾನೂ ಅದಕ್ಕ ತಕ್ಕಂಗ ಅರ್ಧ ಮಾಡಿ ಇಟ್ಟಾರ."

"ಯಾರ ಹೇಳಿದ್ರು ನಿನಗ?"

"ರವಿ ಹೇಳಿದ. ಜತ್ತಕ್ಕ ಹೋಗಿದ್ದೆ."

ಅಮೋಘಸಿದ್ದಪ್ಪನ ಹುಬ್ಬು ಗಂಟಿಕ್ಕಿತು. "ಅಂವ ಹೇಳೂದ ಹೇಳ್ತಾನ ಬಿಡು."

"ಅಂವನ ಮಾತು ಬಿಡ್ರಿ. ನೀವು ವ್ಯಾಪಾರಸ್ಥರು, ನೀವs ಲೆಕ್ಕಾ ಮಾಡ್ರಿ. ನಮ್ಮ ಹಂತ್ಯಾಕ ಈಗ ಶೇರು ಎಷ್ಟ ಅದಾವು?"

"ನೂರು."

"ನಿಮ್ಮ ಮಷೀನ್ ಹೇಳೂ ದರ?"

"ಮುನ್ನೂರಾ ಇಪ್ಪತ್ತು. ಮುನ್ನೂರಾ ಇಪ್ಪತ್ತು ನೂರಲೆ…" ಬಾಯಿಲೆಕ್ಕದಲ್ಲಿ ತುಂಬ ಚುರುಕಿನವನು ಅಲ್ಲಿಗೆ ನಿಂತುಬಿಟ್ಟ. ಮೂವತ್ತೆರಡು ಸಾವಿರ. ಅಂದು ರವಿಯ ಕೈಗೆ ಎಣಿಸಿ ಕೊಟ್ಟದ್ದು ಅಷ್ಟೇ, ಒಂದು ಪೈಸೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಮೊಬೈಲು ತೆಗೆದು ಬೋನಸ್ ಬಂದ ತಿಂಗಳಿಗೆ ಹೋದ. ದರದ ಗೆರೆಯ ಕೆಳಗೆ ಬೋನಸ್ ಎಂದು ಸಣ್ಣ ಗುರುತು ಇತ್ತು. ಇಷ್ಟು ದಿನ ಅದರ ಮೇಲೆ ಬೆರಳಾಡಿಸಿದ್ದ, ನಿಂತು ನೋಡಿರಲಿಲ್ಲ.

ಮೊಬೈಲು ಕೆಳಗಿಟ್ಟ. ರೊಟ್ಟಿ ಮುಟ್ಟಲಿಲ್ಲ.

"ಸಾವಿತ್ರಿ, ನಾ ಅಂವಗ ಏನೇನ ಅಂದೆ ನೆನಪದನ ನಿನಗ?"

"ಅದ. ಅಂವಗೂ ಅದ."

"ಈಗs ಫೋನ್ ಮಾಡ್ತೀನಿ."

ಆಕೆ ಅವನ ಕೈ ಹಿಡಿದಳು. "ಫೋನ್ ಆಮ್ಯಾಲ. ಅಂವನ ಹೆಸರು ಕೆಟ್ಟದ್ದು ಫೋನಿನ್ಯಾಗಲ್ಲ, ಬಾಜಾರದಾಗ. ಮೊದಲ ಊಟಾ ಮಾಡ್ರಿ."

ಅಮೋಘಸಿದ್ದಪ್ಪ ಮೂವತ್ತು ವರ್ಷದಿಂದ ಆ ಬಾಜಾರದಲ್ಲಿ ಕುಳಿತವನು. ಮಾತಿನಲ್ಲಿ ಸೋತದ್ದನ್ನು ಯಾರೂ ಕಂಡಿರಲಿಲ್ಲ. ಮರುದಿನ ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಶ್ರೀಶೈಲಪ್ಪನ ಕಟ್ಟೆಯ ಮೇಲೆ ಹೋಗಿ ನಿಂತ. ಸಾವಿತ್ರೆವ್ವ ತಮ್ಮ ಅಂಗಡಿಯ ಮೆಟ್ಟಿಲಿನಿಂದ ನೋಡುತ್ತಿದ್ದಳು.

"ಶ್ರೀಶೈಲಪ್ಪಾ, ರವಿ ವಿಷಯದಾಗ ನಾ ಹೇಳಿದ್ದು ಸುಳ್ಳು. ಹುಡುಗ ಒಂದು ಪೈಸಾ ತಿಂದಿಲ್ಲ. ದರ ಓದಾಕ ನನಗs ಬರಲಿಲ್ಲ."

"ಹೋಗ್ಲಿ ಬಿಡ್ರಿ ಸಾವ್ಕಾರ, ಯಾರ ನೆನಪಿಟ್ಟಾರ…"

"ಎಲ್ಲಾರೂ ಇಟ್ಟಾರ. ನೀ ಯಾರ್ಯಾರಿಗೆ ಹೇಳೀಯೋ ಅವರ ಹೆಸರು ಹೇಳು, ನಾನs ಹೋಗ್ತೀನಿ."

ಹೋದ. ಗಿರಣಿಗೆ ಹೋದ, ರವಿಯ ಗಿರಾಕಿಗಳ ಮನೆಗೂ ಹೋದ. ಒಬ್ಬರ ಅಂಗಳದಲ್ಲಿ ಬೋನಸಿನ ವಿಷಯ ತಿಳಿಸಿ ಹೇಳಲು ಹೋಗಿ, ಮಾತು ತೊಡಕಾಗಿ, ಹೆಗಲ ಮೇಲಿನ ಟವೆಲನ್ನು ಮಡಿಸಿ ಬಿಚ್ಚಿ, ಮಡಿಕೆ ಎರಡಾದರೂ ಬಟ್ಟೆ ಅಷ್ಟೇ ಎಂದು ತೋರಿಸಿದನಂತೆ. ಬಿಸಿಲೇರಿದ ಮೇಲೆ ತಿರುಗಿ ಬಂದು, ದುಡ್ಡಿನ ಗಲ್ಲೆಯ ಹಿಂದೆ ಕುಳಿತು ಬೆವರು ಒರೆಸಿಕೊಂಡ. ಆಮೇಲೆ ರವಿಕುಮಾರನ ನಂಬರು ಒತ್ತಿದ.

"ರವಿ, ನಾ ನಿನ್ನ ಮಾಮಾ…" ಎಂದು ಶುರು ಮಾಡಿದ. ಸಾವಿತ್ರೆವ್ವ ಹತ್ತಿರ ಬಂದು ಅವನ ಭುಜದ ಮೇಲೆ ಕೈಯಿಟ್ಟಳು. ಆ ಕಡೆಯಿಂದ ರವಿಕುಮಾರ, "ಮಾಮಾ, ಮೊದಲ ನೀರ ಕುಡೀರಿ. ಗಿರಾಕಿ ಫೋನ್ ಮಾಡಿದ್ರು, ನೀವು ಬಿಸಿಲಾಗ ಮನಿ ಮನಿ ತಿರಗಾಕತ್ತೀರಿ ಅಂತ," ಎಂದ.

"ನೀ ಐತವಾರ ನಂದಾನ್ನ ಕರಕೊಂಡು ಊಟಕ್ಕ ಬಾ," ಎಂದ ಅಮೋಘಸಿದ್ದಪ್ಪ. "ಹೋಳಗಿ ಮಾಡಸ್ತೀನಿ. ಮತ್ತ ಒಂದ ಕೇಳೂದದ. ಹ್ವಾದ ವರ್ಷ ಮಳಿಗಾಲದಾಗ ಆ ಶೇರಿನ ದರ ಅಷ್ಟ ಯಾಕ ಬಿದ್ದಿತ್ತು? ಆಗೇನ ಬೋನಸ್ ಇರಲಿಲ್ಲಲ್ಲ?"

"ಇರಲಿಲ್ಲ ಮಾಮಾ. ಅದು ಖರೇನ ಬಿದ್ದಿತ್ತು. ಅವರದೊಂದು ಹೊಸ ಔಷಧ ಪರೀಕ್ಷಾದಾಗ ಪಾಸ್ ಆಗಲಿಲ್ಲ."

"ಹೌದನ?" ಎಂದ ಅಮೋಘಸಿದ್ದಪ್ಪ. ಆಮೇಲೆ, ಆ ಔಷಧ ಯಾವ ರೋಗಕ್ಕೆ ಮಾಡಿದ್ದರು, ಪಾಪ, ಅದಕ್ಕಾಗಿ ಕಾಯುತ್ತ ಕುಳಿತವರು ಏನು ಮಾಡಿದರು ಎಂದು ಕೇಳತೊಡಗಿದ. ಸಾವಿತ್ರೆವ್ವ ಅವನನ್ನು ಮಾತಿಗೆ ಬಿಟ್ಟು, ಬಂದ ಗಿರಾಕಿಗೆ ತಾನೇ ಸೀರೆ ತೋರಿಸಲು ಎದ್ದಳು.